ಎಂಟು ವರ್ಷ ಬಳಸಿದ ಮೇಲೆ: ‘ನೀವೇ ರಿಪೇರಿ ಮಾಡಿಕೊಳ್ಳಿ’ ಎನ್ನುವ ಕಾರು ಕೈಪಿಡಿ

ಈ ಕೈಪಿಡಿಯನ್ನು ನಾನು 2017ರಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ನೂರೈವತ್ತು ರೂಪಾಯಿಗೆ ಕೊಂಡೆ. ಪುಸ್ತಕ ಇಂಗ್ಲಿಷಿನಲ್ಲಿದೆ, ಚಿತ್ರಗಳು ಕಪ್ಪು ಬಿಳುಪು, ಹಿಂದಿನ ಮಾಲೀಕರ ಗ್ರೀಸ್ ಹತ್ತಿದ ಹೆಬ್ಬೆಟ್ಟು ಮೊದಲ ಹತ್ತು ಪುಟಗಳಲ್ಲಿ ಮಾತ್ರ ಕಾಣುತ್ತದೆ. ಆ ಸುಳಿವನ್ನು ಅಂದೇ ಗಮನಿಸಿದ್ದರೆ ಈ ವಿಮರ್ಶೆ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಪ್ರಕಾಶಕರ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಏಕೆಂದರೆ ಅನಂತರ ಇನ್ನೂ ಮೂರು ಕೈಪಿಡಿಗಳನ್ನು ತಿರುವಿ ಹಾಕಿದ ನನಗೆ, ಇದು ಒಂದು ಪುಸ್ತಕದ ದೋಷವಲ್ಲ, ಇಡೀ ಕುಲದ ಸ್ವಭಾವ ಎನ್ನುವುದು ಮನದಟ್ಟಾಗಿದೆ.

ಕಾರು 1997ರ ಮಾರುತಿ 800, ಕಾರ್ಬುರೇಟರಿನದು, ಮಾವನವರು ಬಿಟ್ಟುಕೊಟ್ಟದ್ದು. 796 ಸಿಸಿಯ ಮೂರು ಸಿಲಿಂಡರಿನ ಈ ಎಂಜಿನ್ನಿನಷ್ಟು ಸರಳವಾದದ್ದು ಇನ್ನೊಂದಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ಮತ್ತು ಹಾಗೆ ಹೇಳುವವರು ಅದನ್ನು ಬಿಚ್ಚಿರುವುದಿಲ್ಲ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ತನಕ ತಯಾರಾದ ಗಾಡಿಯಾದ್ದರಿಂದ ನಮ್ಮ ಸಾಗರದಂಥ ಊರಿನಲ್ಲಿಯೂ ಬಿಡಿಭಾಗಗಳಿಗೆ ತೊಂದರೆಯಿಲ್ಲ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಮೊದಲು ದೀಪ, ಬ್ರೇಕು, ಹಾರನ್ನುಗಳೆಲ್ಲ ಸರಿಯಿರಬೇಕು. ಆ ಕೆಲಸವನ್ನು ಮನೆಯಲ್ಲೇ ಮಾಡಿ ನಾಲ್ಕು ಕಾಸು ಉಳಿಸೋಣ ಎಂಬ ಆಸೆಯೇ ಈ ಖರೀದಿಗೆ ಕಾರಣ. ಉಳಿದದ್ದೆಷ್ಟು ಎಂಬ ಲೆಕ್ಕವನ್ನು ಮನೆಯವರು ಇಟ್ಟಿದ್ದಾರೆ, ನಾನು ಕೇಳಲು ಹೋಗಿಲ್ಲ.

ಪುಸ್ತಕದ ಮೂಲ ತೊಂದರೆಯನ್ನು ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಸುಳ್ಳಿಲ್ಲ. ಆದರೆ ಇದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಅದೇ ತಾನೇ ಕಾರ್ಖಾನೆಯಿಂದ ಬಂದ ಕಾರು, ಮತ್ತು ಅದನ್ನು ಬಿಚ್ಚಿದವರು ಮೂರು ಕೈಯುಳ್ಳವರು. ಮಲೆನಾಡಿನ ಇಪ್ಪತ್ತು ಮಳೆಗಾಲ ಕಂಡ ಬೋಲ್ಟು ಎಂಬ ಪದಾರ್ಥ ಅವರ ಅನುಭವದಲ್ಲಿ ಇಲ್ಲವೇ ಇಲ್ಲ. ಅವರು ‘ಬೋಲ್ಟನ್ನು ತೆಗೆಯಿರಿ’ ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತಾರೆ, ನಾವು ಆ ಸಾಲಿನಲ್ಲೇ ಎರಡು ಭಾನುವಾರ ಕಳೆಯುತ್ತೇವೆ.

ಉದಾಹರಣೆಗೆ ಹಿಂದಿನ ಬ್ರೇಕಿನ ಲೈನರ್, ಅಂದರೆ ಚಕ್ರದೊಡನೆ ತಿರುಗುವ ಡ್ರಮ್ಮಿನ ಒಳಮೈಗೆ ಒತ್ತಿ ಗಾಡಿ ನಿಲ್ಲಿಸುವ ಪಟ್ಟಿ, ಬದಲಿಸುವ ಅಧ್ಯಾಯ. ಚಕ್ರ ಕಳಚಿ, ನಡುವಿನ ಟೋಪಿ ಮತ್ತು ಅದರೊಳಗಿನ ನಟ್ಟು ತೆಗೆದ ಮೇಲೆ, ‘ಡ್ರಮ್ಮನ್ನು ಹೊರಕ್ಕೆ ಎಳೆಯಿರಿ’ ಎಂದಿದೆ. ಇಂಗ್ಲಿಷಿನಲ್ಲಿ ಕೇವಲ ನಾಲ್ಕು ಪದ. ಬೆಳಿಗ್ಗೆ ಒಂಬತ್ತಕ್ಕೆ ಎಳೆಯಲು ಕುಳಿತವನು ಮಧ್ಯಾಹ್ನ ಒಂದೂವರೆಯ ತನಕ ಎಳೆದೆ. ಕಾಲು ಕೊಟ್ಟು ಎಳೆದೆ, ತೋಟದ ಕೆಲಸಕ್ಕೆ ಬಂದಿದ್ದವರನ್ನು ಕರೆದು ಎಳೆಸಿದೆ, ಕಾರು ಸ್ಟ್ಯಾಂಡಿನ ಮೇಲಿಂದ ಇಳಿದು ಬರುವ ಸೂಚನೆ ಕೊಟ್ಟಿತೇ ಹೊರತು ಡ್ರಮ್ಮು ಕದಲಲಿಲ್ಲ. ಎಳೆಯಲು ಬಾರದಿದ್ದರೆ ವಿಶೇಷ ಉಪಕರಣವನ್ನು ಬಳಸಬೇಕೆಂದು ಹೇಳಿ ಪುಸ್ತಕ ಅದರ ಉದ್ದನೆಯ ಸಂಖ್ಯೆಯೊಂದನ್ನೂ ಕೊಟ್ಟಿದೆ. ಆ ಸಂಖ್ಯೆಯನ್ನು ನಾನು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯೊಂದರಲ್ಲಿ ಓದಿ ಹೇಳಿದಾಗ ಅಂಗಡಿಯವರು ಅದು ಯಾರ ಫೋನ್ ನಂಬರ್ ಎಂದು ಕೇಳಿದರು.

ಹಳೆಯ ಡ್ರಮ್ಮಿನ ಒಳಮೈ ಲೈನರ್ ಉಜ್ಜುವ ಭಾಗದಲ್ಲಿ ಮಾತ್ರ ಸವೆದು ಅಂಚಿನಲ್ಲಿ ಒಂದು ದಿಂಡು ಉಳಿಯುತ್ತದೆ, ಲೈನರುಗಳು ಆ ದಿಂಡಿನ ಹಿಂದೆ ಸಿಕ್ಕಿಕೊಂಡು ಡ್ರಮ್ಮನ್ನು ಹಿಡಿದಿಟ್ಟುಕೊಳ್ಳುತ್ತವೆ. ಹ್ಯಾಂಡ್‌ಬ್ರೇಕಿನ ಕೇಬಲ್ಲನ್ನು ಮೊದಲು ಸಡಿಲಿಸಿ, ಒಳಗಿನ ಅಡ್ಜಸ್ಟರನ್ನು ಹಿಂದಕ್ಕೆ ತಂದು, ಮರದ ಕೊಡತಿಯಿಂದ ಸುತ್ತಲೂ ಒಂದೇ ಸಮನೆ ಬಡಿದರೆ ಅದು ತಾನಾಗಿ ಸಡಿಲಗೊಳ್ಳುತ್ತದೆ. ಇದನ್ನು ನನಗೆ ಹೇಳಿದ್ದು ನಮ್ಮೂರಿನ ಮೆಕ್ಯಾನಿಕ್ಕು, ಅದೂ ಬೈಕ್ ನಿಲ್ಲಿಸದೆ, ದಾರಿಯಲ್ಲಿ ಹೋಗುತ್ತಾ. ಪುಸ್ತಕದಲ್ಲಿ ದಿಂಡಿನ ವಿಷಯ ಇಲ್ಲ, ಏಕೆಂದರೆ ಹೊಸ ಕಾರಿನಲ್ಲಿ ದಿಂಡು ಇರುವುದಿಲ್ಲ.

ಡ್ರಮ್ಮು ಬಂದ ಮೇಲೆ ಸ್ಪ್ರಿಂಗುಗಳ ಸರದಿ. ಲೈನರುಗಳನ್ನು ಒಂದಕ್ಕೊಂದು ಎಳೆದಿಡುವ ಸ್ಪ್ರಿಂಗನ್ನು ಇಕ್ಕಳದಿಂದ ಹಿಡಿದು ಬಿಡಿಸಬೇಕೆಂದು 7ನೆಯ ಹಂತದಲ್ಲಿ ಹೇಳಲಾಗಿದೆ. ನಾನು ಬಿಡಿಸಿದೆ. ಅದು ನನ್ನ ಕಿವಿಯ ಪಕ್ಕದಲ್ಲಿ ಸಿಳ್ಳು ಹಾಕಿಕೊಂಡು ಅಡಕೆ ಅಂಗಳ ದಾಟಿ ಬೇಲಿಯಾಚೆ ಹೋಯಿತು. ಪುಟ ತಿರುವಿದರೆ ಮೇಲ್ಭಾಗದಲ್ಲಿ ಚೌಕದೊಳಗೆ ದಪ್ಪಕ್ಷರದ ಎಚ್ಚರಿಕೆ: ಸ್ಪ್ರಿಂಗು ಬಿಗಿಯಾಗಿರುತ್ತದೆ, ಹಾರಿಹೋಗದಂತೆ ನೋಡಿಕೊಳ್ಳಿ. ಈ ಪುಸ್ತಕದಲ್ಲಿ ಎಚ್ಚರಿಕೆಗಳು ಯಾವಾಗಲೂ ಮುಂದಿನ ಪುಟದಲ್ಲಿಯೇ ಇರುತ್ತವೆ. ಕಾರ್ಬುರೇಟರಿನ ಅಧ್ಯಾಯದಲ್ಲಿ ಕಡಲೆಗಿಂತ ಚಿಕ್ಕದಾದ ಉಕ್ಕಿನ ಗುಂಡು ಬಿದ್ದುಹೋದೀತು ಎಂಬ ಎಚ್ಚರಿಕೆಯೂ ಗುಂಡು ಬಿದ್ದ ಮೇಲೆಯೇ ಬಂತು. ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಹಳೆಯ ಲೈನರಿನ ಪುಡಿಯಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದನ್ನು ಬಾಯಿಂದ ಊದಬೇಡಿ ಎಂಬ ಸೂಚನೆ ಮಾತ್ರ ಅಧ್ಯಾಯದ ಮೊದಲಿಗೇ ಇದೆ. ನಮ್ಮ ಗ್ಯಾರೇಜುಗಳಲ್ಲಿ ಆ ಮಾತನ್ನು ನಾನು ಕೇಳಿದ್ದಿಲ್ಲ.

ಇನ್ನು ಆ ಸುಪ್ರಸಿದ್ಧ ವಾಕ್ಯ. ಬಿಚ್ಚುವುದನ್ನು ಹದಿನಾಲ್ಕು ಹಂತಗಳಲ್ಲಿ ವಿವರಿಸಿದ ಬಳಿಕ, ‘ಜೋಡಣೆ ಇದರ ವಿಲೋಮ ಕ್ರಮದಲ್ಲಿ’ ಎಂಬ ಒಂದೇ ಸಾಲಿನಿಂದ ಅಧ್ಯಾಯ ಮುಗಿಯುತ್ತದೆ. ಹಪ್ಪಳ ಒಡೆದ ಕ್ರಮವನ್ನು ತಿರುವಿದರೆ ಹಪ್ಪಳ ಕೂಡುತ್ತದೆಯೇ? ಬಿಚ್ಚುವಾಗ ಸ್ಪ್ರಿಂಗು ತಾನೇ ಹಾರುತ್ತದೆ, ಕೂಡಿಸುವಾಗ ಒಂದು ಕೈ ಲೈನರಿಗೆ, ಒಂದು ಕೈ ಇಕ್ಕಳಕ್ಕೆ, ಮತ್ತೊಂದು ಕೈ ಹಿಂಬದಿಯಿಂದ ಪಿನ್ನು ಒತ್ತಿ ಹಿಡಿಯುವುದಕ್ಕೆ ಬೇಕು. ಬಿಚ್ಚುವಾಗ ಯಾವ ಅಳತೆಯೂ ಬೇಕಿಲ್ಲ, ಕೂಡಿಸುವಾಗ ಪ್ರತಿಯೊಂದಕ್ಕೂ ಒಂದು ಬಿಗಿ, ಒಂದು ಅಂತರ, ಒಂದು ದಿಕ್ಕು ಇದೆ. ಮೊದಲ ಸಲ ನಾನು ಎರಡೂ ಬದಿಯ ಚಕ್ರಗಳನ್ನು ಒಟ್ಟಿಗೆ ಬಿಚ್ಚಿದ್ದರಿಂದ, ಯಾವ ಸ್ಪ್ರಿಂಗಿನ ಕೊಕ್ಕೆ ಯಾವ ತೂತಿಗೆ ಎಂದು ನೋಡಿ ತಿಳಿಯಲು ಒಂದೂ ಮಾದರಿ ಉಳಿಯಲಿಲ್ಲ. ಒಂದು ಬದಿಯನ್ನು ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದನ್ನು ಮುಟ್ಟಬೇಕು ಎಂದು ಈಗ ಆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ನಾನೇ ಬರೆದುಕೊಂಡಿದ್ದೇನೆ.

ಈ ಬಗೆಯ ಪುಸ್ತಕಗಳ ಹುಟ್ಟು ಮಾತ್ರ ಗೌರವಕ್ಕೆ ಅರ್ಹವಾದದ್ದು. 1965ರಲ್ಲಿ ಬ್ರಿಟಿಷ್ ವಾಯುಪಡೆಯ ಕೆಲಸದ ಮೇಲೆ ಏಡನ್‌ನಲ್ಲಿದ್ದ ಜಾನ್ ಹೇನ್ಸ್ ಎಂಬವರು ಜೊತೆಯವರೊಬ್ಬರ ಆಸ್ಟಿನ್-ಹೀಲಿ ಸ್ಪ್ರೈಟ್ ಕಾರನ್ನು ಬಿಚ್ಚಿ ಕಟ್ಟಲು ನೆರವಾಗುವಾಗ, ಕಾರ್ಖಾನೆಯ ಕೈಪಿಡಿಯಿಂದ ಸಾಮಾನ್ಯ ಮಾಲೀಕನಿಗೆ ಉಪಯೋಗವಿಲ್ಲವೆಂದು ಕಂಡುಕೊಂಡು, ಕೆಲಸದ ಪ್ರತಿ ಹಂತದ ಫೋಟೋ ತೆಗೆದಿಟ್ಟು, ಮರುವರ್ಷ ಅದನ್ನೇ ಪುಸ್ತಕವಾಗಿ ತಂದರು. ನನ್ನಲ್ಲಿರುವ ಪುಸ್ತಕ ಆ ಮನೆತನದ್ದಲ್ಲ. ಇದರ ಫೋಟೋಗಳಲ್ಲಿ ಕಾರಿನ ಭಾಗಗಳು ಮಬ್ಬು, ತೋರಿಸುವ ಬೆರಳು ಮಾತ್ರ ಸ್ಪಷ್ಟ.

ಬಿಗಿಯ ವಿಷಯಕ್ಕೆ ಬರುತ್ತೇನೆ. ಪುಸ್ತಕ ಟಾರ್ಕನ್ನು, ಅಂದರೆ ಬೋಲ್ಟನ್ನು ಎಷ್ಟು ಬಲ ಹಾಕಿ ತಿರುಗಿಸಬೇಕೆಂಬುದನ್ನು, ಕೆ.ಜಿ.-ಮೀಟರಿನಲ್ಲಿ ಕೊಡುತ್ತದೆ, ಆ ಬಲವನ್ನು ಅಳೆಯಲು ನಾನು ಕೊಂಡ ಟಾರ್ಕ್ ಪಾನದ (ಸ್ಪ್ಯಾನರಿನ) ಮೇಲೆ ಇರುವುದು ಅಡಿ-ಪೌಂಡು. 6 ಮಿ.ಮೀ. ಬೋಲ್ಟೊಂದಕ್ಕೆ 1 ಕೆ.ಜಿ.-ಮೀಟರ್ ಎಂದಿತ್ತು. ಅದು ಸುಮಾರು 10 ನ್ಯೂಟನ್-ಮೀಟರ್ ಎಂದು ಸರಿಯಾಗಿಯೇ ಲೆಕ್ಕ ಹಾಕಿ, ಪಾನವನ್ನು ಮಾತ್ರ 10 ಅಡಿ-ಪೌಂಡಿಗೆ ತಿರುಗಿಸಿದೆ. ಅಂದರೆ 13.6 ನ್ಯೂಟನ್-ಮೀಟರ್. ಬೋಲ್ಟಿನ ತಲೆ ಮೆತ್ತಗೆ, ಯಾವ ಸದ್ದೂ ಇಲ್ಲದೆ ಕೈಗೆ ಬಂತು. ಇದು ನನ್ನದೇ ತಪ್ಪು. ಆದರೆ ಕೋಷ್ಟಕದಲ್ಲಿ ಇಲ್ಲದ ಬೋಲ್ಟುಗಳಿಗೆಲ್ಲ ‘ಸೂಕ್ತವಾಗಿ ಬಿಗಿಯಿರಿ’ ಎನ್ನುವುದು ಯಾರ ತಪ್ಪು? ಅಡುಗೆ ಪುಸ್ತಕದ ‘ರುಚಿಗೆ ತಕ್ಕಷ್ಟು ಉಪ್ಪು’ ಹೆಚ್ಚಾದರೆ ನೀರು ಬೆರೆಸಬಹುದು, ಮುರಿದ ಬೋಲ್ಟಿಗೆ ಬೆರೆಸಲು ಏನೂ ಇಲ್ಲ.

ಎಡ ಬಲಗಳನ್ನು ಪುಸ್ತಕ ಬ್ರಿಟಿಷರ ಪದ್ಧತಿಯಂತೆ ‘ನಿಯರ್‌ಸೈಡ್’, ‘ಆಫ್‌ಸೈಡ್’ ಎನ್ನುತ್ತದೆ. ನಿಯರ್ ಎಂದರೆ ಚಾಲಕನ ಹತ್ತಿರದ್ದು ಎಂದು ನಾನು ಎರಡು ವರ್ಷ ನಂಬಿದ್ದೆ, ಅದು ರಸ್ತೆಯಂಚಿಗೆ ಹತ್ತಿರದ್ದು, ಅಂದರೆ ನಮ್ಮಲ್ಲಿ ಎಡಗಡೆಯದು. ಆ ಎರಡು ವರ್ಷಗಳ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ.

‘ಸಹಾಯಕರೊಬ್ಬರು ಪೆಡಲ್ ಒತ್ತಲಿ’ ಎಂಬ ಸೂಚನೆಯ ಬಗ್ಗೆ ಮಾತ್ರ ಕೊಳ್ಳುವವರು ತಿಳಿದಿರಬೇಕು. ಬ್ರೇಕಿನ ಕೊಳವೆಗಳಿಂದ ಗಾಳಿ ತೆಗೆಯಲು ಇಬ್ಬರು ಬೇಕು: ಕೆಳಗಿರುವವರು ಚಕ್ರದ ಬಳಿಯ ನಿಪ್ಪಲ್, ಅಂದರೆ ಗಾಳಿ ಹೊರಬಿಡುವ ಸಣ್ಣ ತಿರುಪು, ತೆರೆದಾಗ ಮೇಲಿರುವವರು ಒತ್ತಬೇಕು, ಮುಚ್ಚಿದ ಮೇಲೆಯೇ ಬಿಡಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವಂಥದ್ದು, ತೇವ ಸೇರಿದಷ್ಟೂ ಅದರ ಕುದಿಯುವ ಬಿಂದು ಇಳಿಯುತ್ತದೆ, ಆದ್ದರಿಂದ ನಮ್ಮ ಜುಲೈ ತಿಂಗಳಿನಲ್ಲಿ ಡಬ್ಬಿ ತೆರೆದಿಟ್ಟು ಮಾಡುವ ಕೆಲಸ ಇದಲ್ಲ. ನನ್ನ ಸಹಾಯಕರು ಒಳಗೆ ಕುಳಿತು ಫೋನಿನಲ್ಲಿ ತವರಿನವರೊಡನೆ ಮಾತನಾಡುತ್ತಾ ಒತ್ತುತ್ತಿದ್ದರು. ನಾನು ‘ಬಿಡಿ’ ಎಂದದ್ದು ಅವರಿಗೆ ‘ಹಿಡಿ’ ಎಂದು ಕೇಳಿಸಿತು. ಬಂಪರಿನ ಮೇಲೆ ಎಣ್ಣೆ ಚೆಲ್ಲಿ ಬಣ್ಣ ಎದ್ದ ಜಾಗ ಇಂದಿಗೂ ಅಂಗೈಯಗಲ ಇದೆ.

ಇಷ್ಟಾದರೂ ಐದರಲ್ಲಿ ಮೂರೂವರೆ ನಕ್ಷತ್ರ ಕೊಟ್ಟಿದ್ದೇನೆ. ಟಾರ್ಕಿನ ಕೋಷ್ಟಕ, ಪ್ಲಗ್ಗಿನ ಅಂತರ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡೆಲ್ಕೋದ ವೈರುಗಳ 1-3-2 ಕ್ರಮ, ಇವು ಬೇಕಾದಾಗ ಕೈಗೆ ಸಿಗುತ್ತವೆ. ಒಮ್ಮೆ ಎರಡು ವೈರು ಅದಲುಬದಲಾಗಿ ಗಾಡಿ ಮೂರರಲ್ಲಿ ಒಂದೇ ಸಿಲಿಂಡರಿನಲ್ಲಿ ಗೊರಗುಟ್ಟಿದಾಗ, ಹತ್ತು ನಿಮಿಷದಲ್ಲಿ ಅದನ್ನು ಬಗೆಹರಿಸಿದ್ದು ಪುಸ್ತಕವೇ. ಕೊನೆಯ ಅರ್ಧ ನಕ್ಷತ್ರ ವೈರಿಂಗ್ ನಕ್ಷೆಗೆ. ಎಂಟು ವರ್ಷಗಳಲ್ಲಿ ಅದರಲ್ಲಿ ನನಗೆ ಒಂದು ತಪ್ಪೂ ಕಂಡಿರಲಿಲ್ಲ, ಬೈಕಿನಲ್ಲಿ ಹೋಗುತ್ತಾ ಉಪದೇಶ ಮಾಡಿದ ಅದೇ ಮೆಕ್ಯಾನಿಕ್ಕು ಹೋದ ತಿಂಗಳು ಯಾರದೋ ಗಾಡಿಯ ಹಾರನ್ ರಿಪೇರಿಗೆಂದು ಪುಸ್ತಕವನ್ನು ಎರವಲು ಕೇಳಿದಾಗ ಹೆಮ್ಮೆಯಿಂದಲೇ ಕೊಟ್ಟಿದ್ದೆ. ಮೂರು ದಿನಕ್ಕೆ ಮರಳಿ ತಂದುಕೊಟ್ಟರು. ನಕ್ಷೆಯ ಪುಟದಲ್ಲಿ, ಹಾರನ್ನಿನ ಗೆರೆಯ ಮೇಲೆ ಬಾಲ್‌ಪೆನ್ನಿನಿಂದ ಅಡ್ಡಗೀಟು ಎಳೆದು, ಪಕ್ಕದಲ್ಲಿ ‘ಇದು ಹಸಿರಲ್ಲ’ ಎಂದು ಬರೆದಿದ್ದರು.