ಭೂಮಿ ತಂತ್ರಾಂಶ: ಸರ್ನೋಕ್ ಒಂದನ್ನು ಬಿಟ್ಟರೆ

ನಮ್ಮ ತಂದೆಯವರಿಗೆ ಜಮೀನಿನ ದಾಖಲೆಯಾದ ಪಹಣಿ ಬೇಕಾದರೆ ಗ್ರಾಮ ಲೆಕ್ಕಿಗರು ಸಿಗಬೇಕಿತ್ತು. ಸಿಕ್ಕರೂ ಅವರು ಮನಸ್ಸು ಮಾಡಬೇಕಿತ್ತು. ನಾನು ಅದನ್ನು ಕರ್ನಾಟಕ ಸರ್ಕಾರದ ಭೂದಾಖಲೆ ತಂತ್ರಾಂಶ ‘ಭೂಮಿ’ಯ ಮೂಲಕ ಮೊಬೈಲಿನಲ್ಲೇ ನೋಡುತ್ತೇನೆ.

2000ದ ಆಸುಪಾಸಿನಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ನನ್ನ ಮೆಚ್ಚುಗೆ ಯಂತ್ರಕ್ಕಿಂತ ಹೆಚ್ಚಾಗಿ, ಕೈಬರಹದ ಪಹಣಿ ಇನ್ನು ನಡೆಯದು ಎಂದು ಕಡ್ಡಿ ಮುರಿದಂತೆ ಹೇಳಿದ ಆ ತೀರ್ಮಾನಕ್ಕೆ. ಇಲ್ಲವಾದರೆ ಎರಡೂ ಲೆಕ್ಕ ಜೊತೆಜೊತೆಗೆ ಸಾಗಿ, ಬೇಕಾದವರಿಗೆ ಬೇಕಾದ್ದು ಸಿಗುತ್ತಿತ್ತು! ಮ್ಯುಟೇಶನ್ (ಜಮೀನಿನ ಹಕ್ಕು ಬದಲಾವಣೆ) ಅರ್ಜಿಗಳಿಗೆ ಬಂದ ಸರದಿಯೇ ನಿಯಮ. ಸಿಬ್ಬಂದಿ ಬೆರಳಚ್ಚು ಕೊಟ್ಟೇ ತಂತ್ರಾಂಶದ ಒಳಹೋಗಬೇಕು. ಮುಂದೆ ನೋಂದಣಿಯ ‘ಕಾವೇರಿ’, ಸರ್ವೆಯ ‘ಮೋಜಿಣಿ’ಯೂ ಇದರೊಂದಿಗೆ ಬೆಸೆದುಕೊಂಡವು. ಸರ್ಕಾರಿ ಕಚೇರಿಗಳ ನಡುವೆ ಇಷ್ಟು ಕೊಡುಕೊಳ್ಳುವಿಕೆ ಸಣ್ಣ ಮಾತಲ್ಲ.

ಆದರೆ ಪಹಣಿ ಹುಡುಕುವ ಪುಟದಲ್ಲಿ ಸರ್ವೆ ನಂಬರ್ ತುಂಬಿದೊಡನೆ, ಆ ನಂಬರಿಗೆ ಸೇರಿದ ಗುರುತನ್ನು ಕೇಳುವ ‘ಸರ್ನೋಕ್’ ಎಂಬ ಖಾನೆ ಎದುರಾಗುತ್ತದೆ. ಬಹುತೇಕ ಜಮೀನಿಗೆ ಅಲ್ಲಿ ನಕ್ಷತ್ರದ ಗುರುತು ಆರಿಸಿದರೆ ಸಾಕು; ಅದನ್ನು ಕನ್ನಡದಲ್ಲಿ ಒಂದು ಸಾಲು ಬರೆದು ತಿಳಿಸಲು ಏನು ಕಷ್ಟ? ಹಿಸ್ಸಾ (ಸರ್ವೆ ನಂಬರಿನ ಒಳಭಾಗ) ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಬ್ಯಾಂಕಿಗೆ ಕೊಡುವುದಿದ್ದರೆ ಉಚಿತವಾಗಿ ಕಾಣುವ ಪುಟದ ಚಿತ್ರ ಸಾಲದು, ಶುಲ್ಕ ಕಟ್ಟಿ ಪಹಣಿ ಪ್ರತಿಯನ್ನೇ ತೆಗೆದುಕೊಳ್ಳಿ.