ಡೇಟ್, ಟೈಮ್‌ಡೇಟ್‌ಸಿಟಿಎಲ್, ಕ್ರೋನಿಸಿ: ಲಿನಕ್ಸ್ ಗಡಿಯಾರ ತಿದ್ದಲು ಯಾವುದು ಮೇಲು?

ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಗಡಿಯಾರಗಳು ಎರಡು. ಒಂದು, ಮದರ್‌ಬೋರ್ಡಿನ ಮೇಲೆ 3 ವೋಲ್ಟಿನ ಪುಟ್ಟ ಸೆಲ್ಲಿನ ಬಲದಿಂದ ಯಂತ್ರ ಆರಿಸಿದಾಗಲೂ ನಡೆಯುವ ಹಾರ್ಡ್‌ವೇರ್ ಗಡಿಯಾರ. ಇನ್ನೊಂದು, ಯಂತ್ರ ಚಾಲೂ ಇರುವಷ್ಟು ಹೊತ್ತು ಲಿನಕ್ಸಿನ ತಿರುಳಾದ ಕರ್ನೆಲ್ ಲೆಕ್ಕವಿಡುವ ಸಿಸ್ಟಮ್ ಗಡಿಯಾರ. ಸಮಯ ಕೆಟ್ಟಾಗ ಇವೆರಡರಲ್ಲಿ ತಪ್ಪಿರುವುದು ಯಾವುದೆಂದು ಡೇಟ್, ಟೈಮ್‌ಡೇಟ್‌ಸಿಟಿಎಲ್, ಕ್ರೋನಿಸಿ ಎಂಬ ಮೂರು ಆಜ್ಞೆಗಳಲ್ಲಿ ಯಾವುದು ಬೇಗ ತೋರಿಸಿಕೊಡುತ್ತದೆ ಎಂಬುದೇ ನನ್ನ ಲ್ಯಾಪ್‌ಟಾಪಿನಲ್ಲೂ ಒಂದು ಸರ್ವರಿನಲ್ಲೂ ಇವನ್ನು ಬಳಸಿ ನೋಡುವಾಗ ನಾನಿಟ್ಟುಕೊಂಡ ಅಳತೆಗೋಲು.

ಸಮಯ ನೋಡಲು ಡೇಟ್‌ನಷ್ಟು ಸರಳವಾದದ್ದು ಬೇರೊಂದಿಲ್ಲ. ತಿದ್ದುವುದಕ್ಕೆ ಮಾತ್ರ ನಾನು ಅದನ್ನು ಆರಿಸುವುದಿಲ್ಲ, ಏಕೆಂದರೆ ಅದು ಸಿಸ್ಟಮ್ ಗಡಿಯಾರವನ್ನಷ್ಟೇ ಬದಲಿಸಿ ಸುಮ್ಮನಾಗುತ್ತದೆ. ಹಾರ್ಡ್‌ವೇರ್ ಗಡಿಯಾರಕ್ಕೂ ಆ ಸಮಯವನ್ನು ಬರೆಯಬೇಕಾದರೆ ಎಚ್‌ಡಬ್ಲ್ಯೂಕ್ಲಾಕ್ ಆಜ್ಞೆಯನ್ನು ಬೇರೆಯಾಗಿ ಕೊಡಬೇಕು. ಅದರಲ್ಲಿಯೂ ಸಿಸ್‌ಟುಎಚ್‌ಸಿ (ಸಿಸ್ಟಮ್‌ನಿಂದ ಹಾರ್ಡ್‌ವೇರಿಗೆ), ಎಚ್‌ಸಿಟುಸಿಸ್ (ಹಾರ್ಡ್‌ವೇರಿನಿಂದ ಸಿಸ್ಟಮ್‌ಗೆ) ಎಂಬ ಎರಡು ಆಯ್ಕೆಗಳು ತದ್ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುವುದರಿಂದ, ಅವಸರದಲ್ಲಿ ಅದಲುಬದಲಾದರೆ ಸರಿಯಾದ ಸಮಯದ ಮೇಲೆ ತಪ್ಪು ಸಮಯ ಬಂದು ಕೂರುತ್ತದೆ.

ಟೈಮ್‌ಡೇಟ್‌ಸಿಟಿಎಲ್ ಸ್ಥಳೀಯ ಸಮಯ, ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಮತ್ತು ಹಾರ್ಡ್‌ವೇರ್ ಗಡಿಯಾರದ ಸಮಯವನ್ನು ಒಂದರ ಕೆಳಗೊಂದು ಮೂರು ಸಾಲುಗಳಲ್ಲಿ ಇಡುತ್ತದೆ. ವಿಂಡೋಸ್ ಕೂಡ ಇರುವ ಯಂತ್ರದಲ್ಲಿ ಈ ಮೂರು ಸಾಲುಗಳೇ ರೋಗನಿದಾನ. ಬೆಳಿಗ್ಗೆ 10 ಗಂಟೆಗೆ ವಿಂಡೋಸ್ ಮುಚ್ಚಿ ಲಿನಕ್ಸ್ ತೆರೆದಾಗ ಮಧ್ಯಾಹ್ನ 3.30 ಎಂದು ಕಂಡರೆ, ಅಂದರೆ ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆಯಿದ್ದರೆ, ಗಡಿಯಾರ ಕೆಟ್ಟಿಲ್ಲ. ವಿಂಡೋಸ್ ಹಾರ್ಡ್‌ವೇರ್ ಗಡಿಯಾರದಲ್ಲಿ ಭಾರತೀಯ ಸಮಯವೆಂದು ಬರೆದಿಟ್ಟದ್ದನ್ನು ಲಿನಕ್ಸ್ ಯುಟಿಸಿ ಎಂದು ಓದಿ ಅದಕ್ಕೆ ಐದೂವರೆ ಗಂಟೆ ಸೇರಿಸಿದೆ, ಅಷ್ಟೆ. ಲಿನಕ್ಸನ್ನು ಸ್ಥಳೀಯ ಸಮಯಕ್ಕೆ ಒಗ್ಗಿಸಲು ಇದೇ ಆಜ್ಞೆಯಲ್ಲಿ ದಾರಿಯಿದ್ದರೂ ಹಾಗೆ ಮಾಡದಿರುವುದು ಒಳಿತೆಂದು ಅದು ತಾನೇ ಎಚ್ಚರಿಕೆ ಕೊಡುವುದರಿಂದ, ವಿಂಡೋಸಿನ ಸೆಟ್ಟಿಂಗುಗಳ ಕೋಶವಾದ ರಿಜಿಸ್ಟ್ರಿಯಲ್ಲಿ ಯುಟಿಸಿ ಒಪ್ಪಿಸುವುದೇ ಮೇಲೆಂದು ನನ್ನ ಅಭಿಪ್ರಾಯ. ಜಾಲದ ಮೂಲಕ ಸಮಯ ಸರಿಹೊಂದಿಸುವ ಎನ್‌ಟಿಪಿ ಚಾಲೂ ಇದ್ದಾಗ ಈ ಆಜ್ಞೆ ಕೈಯಿಂದ ಸಮಯ ಬದಲಿಸಲು ಬಿಡುವುದಿಲ್ಲ. ಹಲವರಿಗೆ ಇದು ಕಿರಿಕಿರಿ. ನನಗೆ ಇದು ಸರಿಯಾದ ಹಟ.

ಸರ್ವರಿನಲ್ಲಿ, ಎನ್‌ಟಿಪಿಯಿಂದ ಸಮಯ ತಿದ್ದುವ ಕ್ರೋನಿ ಎಂಬ ತಂತ್ರಾಂಶಕ್ಕೆ ಆಜ್ಞೆ ಕೊಡುವ ಕ್ರೋನಿಸಿಯ ತೂಕವೇ ಬೇರೆ. ಅದರ ಟ್ರ್ಯಾಕಿಂಗ್ ಆಯ್ಕೆಯು ಗಡಿಯಾರ ಈಗ ಎಷ್ಟು ತಪ್ಪಿದೆ ಎಂಬುದರ ಜೊತೆಗೆ ಅದರ ಸಹಜ ಓಟ ಎಷ್ಟು ನಿಧಾನ ಅಥವಾ ವೇಗ ಎಂಬುದನ್ನೂ ಪಿಪಿಎಂನಲ್ಲಿ (ಹತ್ತು ಲಕ್ಷಕ್ಕೆ ಎಷ್ಟು ಎಂಬ ಅಳತೆಯಲ್ಲಿ) ಹೇಳುತ್ತದೆ. 12 ಪಿಪಿಎಂ ಎಂದರೆ ದಿನಕ್ಕೆ ಸುಮಾರು ಒಂದು ಸೆಕೆಂಡ್. ಡೇಟ್‌ನಿಂದ ಸಮಯವನ್ನು ಒಮ್ಮೆಲೇ ಹಿಂದಕ್ಕೆ ಎಳೆದರೆ ಘಟನೆಗಳ ದಾಖಲೆಯಾದ ಲಾಗ್‌ನ ಸಾಲುಗಳು ಹಿಂದುಮುಂದಾಗುತ್ತವೆ, ಪ್ರೋಗ್ರಾಂ ಕಟ್ಟುವ ಮೇಕ್ ಆಜ್ಞೆ ಕೂಡ ಕಡತಗಳು ಭವಿಷ್ಯದಲ್ಲಿವೆ ಎಂದು ದೂರುತ್ತದೆ. ಕ್ರೋನಿ ಹಾಗೆ ಮಾಡದೆ ಗಡಿಯಾರದ ವೇಗವನ್ನೇ ತುಸು ಹೆಚ್ಚುಕಡಿಮೆ ಮಾಡಿ ದಾರಿಗೆ ತರುತ್ತದೆ. ಆದರೆ ಆ ಹೆಚ್ಚುಕಡಿಮೆಗೆ ಸಾಮಾನ್ಯವಾಗಿ ಹನ್ನೆರಡರಲ್ಲೊಂದು ಭಾಗದ ಮಿತಿ ಇರುವುದರಿಂದ ಒಂದು ಗಂಟೆಯ ತಪ್ಪು ತಿದ್ದಲು ಕನಿಷ್ಠ 12 ಗಂಟೆ ಬೇಕು. ಅಂಥಲ್ಲಿ ಕ್ರೋನಿಸಿಯ ಮೇಕ್‌ಸ್ಟೆಪ್ ಆಯ್ಕೆ ಕೊಟ್ಟು ಒಂದೇ ಸಲ ಜಿಗಿಸಬೇಕಾಗುತ್ತದೆ. ಫೈರ್‌ವಾಲ್, ಎನ್‌ಟಿಪಿ ಬಳಸುವ ಯುಡಿಪಿ 123ನೇ ಪೋರ್ಟನ್ನು ಮುಚ್ಚಿದ್ದರೆ ಇದಾವುದೂ ನಡೆಯದು.

ಹೀಗಾಗಿ ಲ್ಯಾಪ್‌ಟಾಪಿಗೆ ಟೈಮ್‌ಡೇಟ್‌ಸಿಟಿಎಲ್, ಸರ್ವರಿಗೆ ಕ್ರೋನಿಸಿ ಎಂದು ನಾನು ನಿಗದಿ ಮಾಡಿಕೊಂಡಿದ್ದೇನೆ. ಎಚ್‌ಡಬ್ಲ್ಯೂಕ್ಲಾಕ್ ಕೈಗೆ ಬರುವುದು, ಪ್ರತಿ ಸಲ ಪ್ಲಗ್ ಕಿತ್ತಾಗಲೂ ಯಂತ್ರ ಯಾವುದೋ ಹಳೆಯ ವರ್ಷಕ್ಕೆ ಮರಳುತ್ತಿದೆಯೇ ಎಂದು ಪರೀಕ್ಷಿಸುವಾಗ ಮಾತ್ರ. ಮರಳುತ್ತಿದ್ದರೆ ಆಜ್ಞೆಗಳನ್ನು ಬಿಟ್ಟು ಮದರ್‌ಬೋರ್ಡಿನ ಆ ಸಿಆರ್2032 ಸೆಲ್ಲನ್ನು ಬದಲಿಸಬೇಕು.