ಆರು ಹಾಸಿಗೆಯ ಜನರಲ್ ವಾರ್ಡ್: ಆರೈಕೆಗೆ ಪೂರ್ಣ ಅಂಕ, ರೌಂಡ್ಸ್‌ಗೆ ಅರ್ಧ

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಾಗ ದಕ್ಷಿಣ ಬೆಂಗಳೂರಿನ ಮಧ್ಯಮ ಗಾತ್ರದ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಹೆಸರು ಬರೆಯುತ್ತಿಲ್ಲ; ನಾನು ಹೇಳುವುದು ಊರಿನ ಅನೇಕ ಆಸ್ಪತ್ರೆಗಳಿಗೆ ಸಲ್ಲುತ್ತದೆ. ಚಿಕಿತ್ಸೆಯ ಬಗ್ಗೆ ದೂರಿಲ್ಲ. ಮರುದಿನವೇ ಶಸ್ತ್ರಚಿಕಿತ್ಸೆ ಆಯಿತು, ಅದರ ಮಾರನೆಯ ಬೆಳಿಗ್ಗೆ ಫಿಸಿಯೋಥೆರಪಿಯವರು ವಾಕರ್ ಕೊಟ್ಟು ನಿಲ್ಲಿಸಿದರು. ವಯಸ್ಸಾದವರು ಮಲಗಿಯೇ ಇದ್ದರೆ ನ್ಯುಮೋನಿಯಾ, ಬೆನ್ನಿನ ಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಎಲ್ಲವೂ ಬೆನ್ನು ಹತ್ತುತ್ತವೆ. ಅದನ್ನು ಅರಿತು ಕೆಲಸ ಮಾಡುವವರು ಇಲ್ಲಿದ್ದಾರೆ.

ವಾರ್ಡಿನ ಜನರನ್ನಂತೂ ಮರೆಯಲಾರೆ. ಅಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಎಲ್ಲರೂ ಪಾಲಿಸುವ ಕಟ್ಟಳೆಗಳಿವೆ. ರಾತ್ರಿ ಎಂಟಕ್ಕೆ ಸಿಸ್ಟರ್‌ಗಳ ಡ್ಯೂಟಿ ಬದಲಾಗುವಾಗ ಯಾರೂ ಏನನ್ನೂ ಕೇಳುವುದಿಲ್ಲ. ಪಕ್ಕದ ಹಾಸಿಗೆಯವರ ಮಗ ಊಟಕ್ಕೆ ಹೋದರೆ ಅವರ ಡ್ರಿಪ್ ಬಾಟಲಿಯ ಮೇಲೆ ನಮ್ಮ ಕಣ್ಣಿರಬೇಕು. ಯಾರಿಗಾದರೂ ಬೆಡ್‌ಪ್ಯಾನ್ ಇಡುವಾಗ ಉಳಿದವರು ತಾವಾಗಿಯೇ ಕಿಟಕಿಯ ಕಡೆ ತಿರುಗುತ್ತಾರೆ. ಡಿಸ್ಚಾರ್ಜ್ ಆದವರು ಉಳಿದ ಬಿಸ್ಕತ್ತು, ಚಾಪೆ, ಫ್ಲಾಸ್ಕನ್ನು ಹೊಸಬರಿಗೆ ಬಿಟ್ಟುಹೋಗುತ್ತಾರೆ. ನಾನು ಮಲಗಿದ್ದು ಅಂಥದೇ ಚಾಪೆಯ ಮೇಲೆ.

ಆದರೆ ಒಂದು ಕಟ್ಟಳೆ ಮಾತ್ರ ಹೊಟ್ಟೆ ಉರಿಸುತ್ತದೆ: ದೊಡ್ಡ ಡಾಕ್ಟರ ಎದುರು ಪ್ರಶ್ನೆ ಕೇಳಬಾರದು.

ಎದುರಿನ ಹಾಸಿಗೆಯಲ್ಲಿ ಶಿರಾ ಕಡೆಯ ರೈತರೊಬ್ಬರಿದ್ದರು. ಸಕ್ಕರೆ ಕಾಯಿಲೆಯಿಂದ ಪಾದದ ಗಾಯ ಕೊಳೆತಿತ್ತು. ಬೆಳಗಿನ ರೌಂಡ್ಸ್‌ನಲ್ಲಿ ಡಾಕ್ಟರು ಕಿರಿಯರೊಡನೆ ಇಂಗ್ಲಿಷಿನಲ್ಲಿ ಮಾತಾಡಿ, ಗಾಯ ಬಿಚ್ಚಿ ನೋಡಿ, ಹೆಂಡತಿಯತ್ತ ತಿರುಗಿ, "ನಾಳೆ ತೆಗೆಯೋಣ, ಆಯಿತಾ ಅಮ್ಮ?" ಎಂದರು. ಸೆರಗು ಹಿಡಿದು ನಿಂತಿದ್ದ ಆಕೆ "ಆಯಿತು ಸಾರ್" ಎಂದರು. ಅಷ್ಟೇ. ಆ ಇಡೀ ದಿನ ಆಕೆ ಊಟ ಮುಟ್ಟಲಿಲ್ಲ. ಸಂಜೆ ನೆಲ ಒರೆಸುತ್ತಿದ್ದ ಆಯಾಳನ್ನು ಮೆಲ್ಲಗೆ ಕೇಳಿದರು: "ಕಾಲು ಎಲ್ಲಿಯವರೆಗೆ ತೆಗೆಯುತ್ತಾರಂತೆ?"

ರಾತ್ರಿ ಪಾಳಿಯ ಸಿಸ್ಟರ್ ಕೇರಳದವರು. ವಿಷಯ ತಿಳಿದೊಡನೆ ಕೇಸ್ ಶೀಟ್ ನೋಡಿ ಬಂದು, ಎಕ್ಸ್‌ರೇ ಲಕೋಟೆಯ ಹಿಂಬದಿಯಲ್ಲಿ ಪೆನ್ನಿನಿಂದ ಒಂದು ಪಾದ ಬರೆದರು. ಐದು ಬೆರಳುಗಳನ್ನೂ ಬರೆದು, ಕಿರುಬೆರಳಿಗೆ ಮಾತ್ರ ಗೀಟು ಹಾಕಿ, ತಮ್ಮ ಕನ್ನಡದಲ್ಲಿ "ಇದು ಒಂದೇ ಅಮ್ಮ, ಬೇರೆ ಇಲ್ಲ" ಎಂದರು. ಡಾಕ್ಟರು ಬೆಳಿಗ್ಗೆಯೇ ಒಂದು ವಾಕ್ಯ ಕನ್ನಡದಲ್ಲಿ ಹೆಚ್ಚು ಆಡಿದ್ದರೆ ಆ ತಾಯಿ ಹಗಲೆಲ್ಲ ಬೇಯಬೇಕಿರಲಿಲ್ಲ. ಇದಕ್ಕೆ ಯಂತ್ರ ಬೇಡ, ಹೊಸ ಕಟ್ಟಡ ಬೇಡ.

ಬಿಲ್ಲಿಂಗ್ ಕೌಂಟರಿನಲ್ಲೂ ಕೇಳಬಲ್ಲವರಿಗೆ ಒಂದು ನ್ಯಾಯ, ಸುಮ್ಮನಿರುವವರಿಗೆ ಇನ್ನೊಂದು. ನಗದುರಹಿತ ವಿಮೆಯಲ್ಲಿ ಡಿಸ್ಚಾರ್ಜ್ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು, ತಡವಾದರೆ ಆಸ್ಪತ್ರೆ ಹಾಕುವ ಹೆಚ್ಚುವರಿ ಮೊತ್ತ ಕಂಪನಿಯದೇ ಎಂದು ವಿಮಾ ಕಂಪನಿಗಳನ್ನು ನಿಯಂತ್ರಿಸುವ ಕೇಂದ್ರದ ಪ್ರಾಧಿಕಾರ ಐಆರ್‌ಡಿಎಐ 2024ರ ಸುತ್ತೋಲೆಯಲ್ಲಿ ಹೇಳಿದೆ. ಬೆಳಿಗ್ಗೆಯಿಂದ ಕಾದಿದ್ದ ನಾನು ಮಧ್ಯಾಹ್ನ ಈ ಮಾತು ಎತ್ತಿದ ಮೇಲೆ ಕಡತ ಕದಲಿತು. ಎತ್ತದವರು ಬೆಂಚಿನ ಮೇಲೆ ಕುಳಿತೇ ಇದ್ದರು.

ಕ್ಯಾಂಟೀನಿನ ಇಡ್ಲಿ ಪರವಾಗಿಲ್ಲ, ಕಾಫಿ ನೀರು. ವಾರ್ಡ್ ಬಾಯ್‌ಗಳು ಸ್ಟ್ರೆಚರ್ ತಳ್ಳಿದ್ದಕ್ಕೆ ಕೈಚಾಚುವುದನ್ನು ಆಡಳಿತ ನಿಲ್ಲಿಸಬೇಕು. ಅವರ ಸಂಬಳ ಹೆಚ್ಚಿಸಿ ನಿಲ್ಲಿಸಬೇಕು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅತ್ತೆಯ ಮುಂದಿನ ತಪಾಸಣೆಗೂ ಇಲ್ಲಿಗೇ ಹೋಗುತ್ತೇವೆ. ಇಲ್ಲಿ ಯಾರನ್ನಾದರೂ ಸೇರಿಸಿದರೆ ರಾತ್ರಿಯೇ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು, ಬೆಳಗಿನ ರೌಂಡ್ಸ್ ಹೊತ್ತಿಗೆ ಹಾಸಿಗೆಯ ಪಕ್ಕದಲ್ಲೇ ನಿಲ್ಲಿ. ನಿಮ್ಮದು ಮುಗಿದ ಮೇಲೆ ಪಕ್ಕದವರ ಪ್ರಶ್ನೆಯನ್ನೂ ಕೇಳಿಬಿಡಿ.